ಒಂದು ರಾತ್ರಿ ಬೆಂಗಳೂರಲ್ಲಿ ಎಲ್ಲಿರೋದು? ಛತ್ರದಿಂದ ಪಿ.ಜಿ.ವರೆಗಿನ ಕತೆ

ಪಾವಗಡ ತಾಲ್ಲೂಕಿನ ರೈತರೊಬ್ಬರು ಈಚೆಗೆ ನಮಗೆ ಫೋನ್ ಮಾಡಿದ್ದರು. ಮಗಳು ಒಂದು ನೇಮಕಾತಿ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಹಾಲ್ ಟಿಕೆಟ್ ಬಂದಿತ್ತು. ಪರೀಕ್ಷಾ ಕೇಂದ್ರ ವೈಟ್‌ಫೀಲ್ಡ್. ಬೆಳಿಗ್ಗೆ ಏಳೂವರೆಗೆ ಗೇಟಿನ ಮುಂದೆ ಇರಬೇಕು.

"ಏನಪ್ಪಾ, ನೀವು ಪೇಪರಿನೋರು, ಬೆಂಗಳೂರು ತಿಳಿದೋರು. ಹಿಂದಿನ ದಿನಾನೇ ಹೋಗ್ಬೇಕು. ಹೆಣ್ಣುಮಗಳನ್ನ ಕರ್ಕೊಂಡು ಒಂದು ರಾತ್ರಿ ಎಲ್ಲಿರೋದು? ಅವಳಿಗೆ ಬಸ್ಸು ಫ್ರೀ, ನನ್ದೊಂದೇ ಟಿಕೇಟು. ರೂಮಿಗೆ ಎಷ್ಟು ಕಿತ್ಕೊಳ್ತಾರೋ ಗೊತ್ತಿಲ್ಲ" ಎಂದರು.

ಇಂಥ ಫೋನು ನಮಗೆ ಹೊಸದಲ್ಲ. ಒಬ್ಬರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್‌ವ್ಯೂ, ಇನ್ನೊಬ್ಬರಿಗೆ ಬೊಮ್ಮಸಂದ್ರದ ಆಸ್ಪತ್ರೆಯಲ್ಲಿ ಹೃದಯದ ತಪಾಸಣೆ, ಮತ್ತೊಬ್ಬರಿಗೆ ಪೀಣ್ಯದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ತರುವ ಕೆಲಸ. ಎಲ್ಲರದ್ದೂ ಒಂದೇ ಪ್ರಶ್ನೆ. ಒಂದು ರಾತ್ರಿ, ಹೆಚ್ಚೆಂದರೆ ಎರಡು ರಾತ್ರಿ. ಕಡಿಮೆ ದುಡ್ಡು. ಮಾನ ಹೋಗದಂಥ ಜಾಗ.

1903ರಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಉತ್ತರ ಸುಲಭವಾಗಿತ್ತು. ಇಂದು ಯಾಕೆ ಇಷ್ಟು ಕಷ್ಟವಾಗಿದೆ ಎಂದು ಹುಡುಕಿಕೊಂಡು ಹೋದಾಗ ನಮಗೆ ಸಿಕ್ಕಿದ ಕತೆ ಇದು. ಕೊನೆಯಲ್ಲಿ ನಿಮ್ಮ ಕೈಗೆ ಬರುವ ನಾಲ್ಕು ಮಾತೂ ಇವೆ.

ಬಾಗಿಲಿಗೆ ಊರಿನ ಹೆಸರು

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಗೆ ಕೋಟೆ ಇತ್ತು, ಕೋಟೆಗೆ ಬಾಗಿಲುಗಳಿದ್ದವು. ಮುಖ್ಯ ಬಾಗಿಲುಗಳ ಹೆಸರು ಹಲಸೂರು, ಯಲಹಂಕ, ಆನೇಕಲ್, ಕೆಂಗೇರಿ. ಯಾವ ಊರಿನ ದಾರಿ ಬಂದು ಸೇರುತ್ತಿತ್ತೋ ಬಾಗಿಲಿಗೆ ಆ ಊರಿನ ಹೆಸರು. ರಾಗಿ, ಬೆಲ್ಲ, ಹತ್ತಿ ತುಂಬಿಕೊಂಡು ಗಾಡಿಗಳು ಈ ಬಾಗಿಲುಗಳಿಂದಲೇ ಒಳಗೆ ಹೋಗಬೇಕಿತ್ತು.

ಗಾಡಿಯವರು ರಾತ್ರಿ ಎಲ್ಲಿರುತ್ತಿದ್ದರು? ದೇವಸ್ಥಾನದ ಜಗಲಿ, ದಾರಿ ಬದಿಯ ಮಂಟಪ, ತೋಪಿನ ಮರದಡಿ, ಇಲ್ಲವೇ ಛತ್ರ. ದಾರಿಹೋಕನಿಗೆ ನೆರಳು ಕೊಡುವುದು ಪುಣ್ಯದ ಕೆಲಸವಾಗಿತ್ತು. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಅರವಟ್ಟಿಗೆ ಇಡುವುದು, ಛತ್ರ ಕಟ್ಟಿಸುವುದು ಎಲ್ಲವೂ ಒಂದೇ ಸಾಲಿನ ಧರ್ಮ. ಹಲವು ಛತ್ರಗಳಲ್ಲಿ ಮೂರು ದಿನ ದುಡ್ಡಿಲ್ಲದೆ ಇರಬಹುದಿತ್ತು. ಅಡುಗೆಗೆ ಒಲೆ, ಪಾತ್ರೆ, ಬಾವಿ ನೀರು ಸಿಗುತ್ತಿತ್ತು. ಅಕ್ಕಿಬೇಳೆ ಗಂಟಿನಲ್ಲಿ ಕಟ್ಟಿಕೊಂಡು ಬಂದರೆ ಆಯಿತು.

ಮೈಸೂರು ಸಂಸ್ಥಾನದ ಕಾಲದಲ್ಲಿ ಛತ್ರಗಳ ಉಸ್ತುವಾರಿ ಮುಜರಾಯಿ ಇಲಾಖೆಗೂ ಇತ್ತು. ತಾಲ್ಲೂಕು ಊರುಗಳಲ್ಲಿ ಮುಸಾಫಿರ್‌ಖಾನೆಗಳಿದ್ದವು. ಸಾಹೇಬರಿಗೆ, ಅಮಲ್ದಾರರಿಗೆ ಬಂಗಲೆ ಬೇರೆ. ನಮ್ಮ ಊರುಗಳಲ್ಲಿ ಇಂದಿಗೂ 'ಐ.ಬಿ.' ಎಂದು ಕರೆಯುವ ಪ್ರವಾಸಿ ಮಂದಿರಗಳು ಈ ಬಂಗಲೆಗಳ ವಂಶದವೇ.

ರೈಲು ಬಂತು, ಛತ್ರ ಎದ್ದಿತು

ಬೆಂಗಳೂರು ದಂಡು ನಿಲ್ದಾಣಕ್ಕೆ ಜೋಲಾರ್‌ಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಆಮೇಲೆ 1880ರ ದಶಕದಲ್ಲಿ ಮೈಸೂರಿನ ದಾರಿ, ತುಮಕೂರಿನ ದಾರಿ ತೆರೆದವು. ಹಳ್ಳಿಯವರು ಕೋಟೆ ಬಾಗಿಲಿನ ಬದಲು ಸಿಟಿ ರೈಲು ನಿಲ್ದಾಣದಲ್ಲಿ ಇಳಿಯತೊಡಗಿದರು. ಇಳಿದವರು ರಾತ್ರಿ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯವರು. ಹೆಸರು ತೋಟದಪ್ಪ. 1838ರಲ್ಲಿ ಹುಟ್ಟಿದವರು. ಬೆಂಗಳೂರಿಗೆ ಹೋಗಿ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದರು. ಸಂಪಾದಿಸಿದ್ದರಲ್ಲಿ ರೈಲು ನಿಲ್ದಾಣದ ಹತ್ತಿರ ಜಾಗ ಕೊಂಡು ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ಅದು ಪ್ರಯಾಣಿಕರಿಗೆ ತೆರೆಯಿತು. ಓದುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯವನ್ನೂ ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು 'ಧರ್ಮಪ್ರವರ್ತ' ಎಂಬ ಬಿರುದು ಕೊಟ್ಟರು, ಬ್ರಿಟಿಷ್ ಸರ್ಕಾರ 'ರಾವ್ ಬಹದ್ದೂರ್' ಎಂದಿತು. 1910ರಲ್ಲಿ ತೀರಿಕೊಂಡರು. ಅವರ ಹೆಸರಿನ ರಸ್ತೆ ಮೆಜೆಸ್ಟಿಕ್ ಬಳಿ ಇದೆ. ನಾವು ಬಸ್ಸು ಹಿಡಿಯಲು ಓಡುತ್ತಾ ಎಷ್ಟೋ ಸಲ ಆ ಬೋರ್ಡಿನ ಕೆಳಗೇ ಹೋಗಿದ್ದೇವೆ.

ತೋಟದಪ್ಪನವರು ಛತ್ರವನ್ನು ತಮ್ಮ ಅಂಗಡಿ ಪಕ್ಕದಲ್ಲಿ ಕಟ್ಟಿಸಲಿಲ್ಲ. ಪರಊರಿನವನು ಗಂಟು ಹೊತ್ತು ಇಳಿಯುವ ಕಡೆ ಕಟ್ಟಿಸಿದರು. ಮೈಸೂರಿನಲ್ಲೂ ನಂಜರಾಜ ಬಹದ್ದೂರ್ ಛತ್ರದಂಥ ಕಟ್ಟಡಗಳು ಪ್ರಯಾಣಿಕರಿಗೆಂದೇ ಎದ್ದವು. ಮಲಗುವ ಜಾಗ ಇಳಿಯುವ ಜಾಗದ ಹತ್ತಿರ ಇರಬೇಕು ಎಂಬುದು ಆ ಕಾಲದ ದಾನಿಗಳಿಗೆ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಗಿಲು ಎಲ್ಲರಿಗೂ ತೆರೆಯಲಿಲ್ಲ

ಛತ್ರದ ಕಾಲವನ್ನು ಬರೀ ಹೊಗಳಿ ಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ಎಷ್ಟೋ ಛತ್ರಗಳು ಕಟ್ಟಿಸಿದವರ ಜಾತಿಯವರಿಗೆ ಮೀಸಲಾಗಿದ್ದವು. ಒಳಗೆ ಬಿಟ್ಟುಕೊಂಡರೂ ಅಡುಗೆ ಕಡೆ, ಬಾವಿ ಕಡೆ ಗೆರೆ ಎಳೆದಿರುತ್ತಿದ್ದರು. ದಲಿತರಿಗೆ ಸಾಮಾನ್ಯವಾಗಿ ಜಗಲಿಯೂ ಇಲ್ಲ, ಮರದಡಿಯೇ ಗತಿ.

ಇದಕ್ಕೆ ದೊಡ್ಡ ಸಾಕ್ಷಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕೇ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಓದಿ ಬಂದ ಅವರು 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಲು ಹೋದರು. ಊರಲ್ಲಿ ಯಾರೂ ಜಾಗ ಕೊಡುವುದಿಲ್ಲ ಎಂದು ಗೊತ್ತಿತ್ತು. ಒಂದು ಪಾರ್ಸಿ ತಂಗುದಾಣದಲ್ಲಿ ಪಾರ್ಸಿ ಹೆಸರು ಬರೆಸಿ ಬಾಡಿಗೆಗೆ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಜನ ಬಂದು ಅವರನ್ನು ಹೊರಹಾಕಿದರು. ದಿನವೆಲ್ಲ ಹುಡುಕಿದರೂ ಜಾಗ ಸಿಗದೆ ರಾತ್ರಿ ರೈಲು ಹತ್ತಿ ಮುಂಬಯಿಗೆ ವಾಪಸಾದರು. ಅಷ್ಟು ಓದಿದವರಿಗೂ ಒಂದು ಊರಿನಲ್ಲಿ ಮಲಗಲು ಜಾಗ ಸಿಗಲಿಲ್ಲ.

ಜಾತಿ ಕೇಳದೆ, ಬಾಡಿಗೆ ಮಾತ್ರ ಕೇಳುವ ಲಾಡ್ಜು ಬಂದಾಗ ಹಳ್ಳಿಯ ಎಷ್ಟೋ ಜನಕ್ಕೆ ಅದು ಬಿಡುಗಡೆಯಂತೆಯೇ ಕಂಡಿರಬೇಕು. ದುಡ್ಡಿದ್ದರೆ ಸಾಕು, ರಿಜಿಸ್ಟರಿನಲ್ಲಿ ಹೆಸರು ಬರೆದು ಬೀಗದಕೈ ತೆಗೆದುಕೊಳ್ಳಬಹುದು. ಆದರೆ ದುಡ್ಡಿಲ್ಲದವರ ಪಾಡು ಅಲ್ಲಿಂದ ಶುರುವಾಯಿತು.

ಮೆಜೆಸ್ಟಿಕ್‌ನ ದಿನಗಳು

ಧರ್ಮಾಂಬುಧಿ ಕೆರೆ ಒಣಗಿ ಬಯಲಾಯಿತು. ಆ ಬಯಲಿನಲ್ಲೇ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ಎದುರಿಗೆ ರೈಲು, ಇತ್ತ ಬಸ್ಸು. ಸುತ್ತ ಗಾಂಧಿನಗರ, ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆ. ಕೆಳಗೆ ಹೋಟೆಲು, ಮೇಲೆ ರೂಮುಗಳು. 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಬೋರ್ಡುಗಳು ಸಾಲುಸಾಲಾಗಿ ಎದ್ದವು. ನಮ್ಮ ಅಪ್ಪಂದಿರಿಗೆ ಬೆಂಗಳೂರು ಎಂದರೆ ಈ ಒಂದು ಮೈಲಿ. ವಿಧಾನಸೌಧ, ಹೈಕೋರ್ಟು, ವಿಕ್ಟೋರಿಯಾ ಆಸ್ಪತ್ರೆ ಎಲ್ಲವೂ ನಡೆದುಹೋಗುವಷ್ಟು ಅಥವಾ ಒಂದು ಸಿಟಿ ಬಸ್ಸಿನಷ್ಟು ದೂರ.

ಲಾಡ್ಜಿಗೂ ದುಡ್ಡಿಲ್ಲದವರಿಗೆ ಬೇರೆ ದಾರಿಗಳಿದ್ದವು. ಒಂದು, ಶಾಸಕರ ಭವನದ ಎಂಎಲ್‌ಎ ರೂಮು. ಕ್ಷೇತ್ರದವರು ಎಂದು ಹೇಳಿಕೊಂಡು ಹೋದರೆ ಚಾಪೆ ಹಾಸುವಷ್ಟು ಜಾಗ ಸಿಗುತ್ತಿತ್ತು. ಎರಡು, ಜಾತಿ ಸಂಘಗಳ ಹಾಸ್ಟೆಲು. ಊರಿನ ಹುಡುಗ ಓದುತ್ತಿದ್ದರೆ ಅವನ ಮಂಚದ ಕೆಳಗೆ ಒಂದು ರಾತ್ರಿ. ಮೂರು, ನೆಂಟರ ಮನೆ. ವಠಾರದ ಒಂದೇ ಕೋಣೆಯ ಮನೆಯಾದರೂ ಊರಿಂದ ಬಂದವರನ್ನು ಹೊರಗೆ ಕಳಿಸುತ್ತಿರಲಿಲ್ಲ.

ಛತ್ರಗಳು ಏನಾದವು? ಅವುಗಳ ಹೆಸರು ಉಳಿಯಿತು, ಕೆಲಸ ಬದಲಾಯಿತು. ಇವತ್ತು ಯಾರಾದರೂ 'ಛತ್ರ ಬುಕ್ ಆಯ್ತಾ?' ಎಂದು ಕೇಳಿದರೆ ಮದುವೆಯ ಮಾತು ಎಂದೇ ಅರ್ಥ. ದಾರಿಹೋಕನ ಮನೆ ಕಲ್ಯಾಣ ಮಂಟಪವಾಯಿತು. ಊಟದ ಹಾಲು, ಅಡುಗೆಮನೆ, ರೂಮು ಎಲ್ಲ ಇದ್ದ ಕಟ್ಟಡ ಮದುವೆಗೆ ಹೇಳಿ ಮಾಡಿಸಿದಂತಿತ್ತು. ಒಂದು ಮದುವೆಯಿಂದ ಬರುವ ಬಾಡಿಗೆ ನೂರು ಪ್ರಯಾಣಿಕರಿಂದ ಬರುವುದಿಲ್ಲ.

ಕೆಲಸ ಊರಾಚೆ ಹೋಯಿತು

ಅಷ್ಟರಲ್ಲಿ ಬೆಂಗಳೂರಿನ ಕೆಲಸ ಕೋಟೆಯ ಹಳೇ ಬಾಗಿಲುಗಳಿಂದ ಬಹಳ ಆಚೆಗೆ ಸಾಗಿತ್ತು. ಎತ್ತಿನ ಗಾಡಿಗಳು ಬರುತ್ತಿದ್ದ ದಾರಿಗಳಲ್ಲೇ, ಆದರೆ ಹತ್ತಿಪ್ಪತ್ತು ಕಿಲೋಮೀಟರ್ ದೂರಕ್ಕೆ.

ತುಮಕೂರು ದಾರಿಯಲ್ಲಿ ಪೀಣ್ಯ. 1966ರಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿದ ಮೇಲೆ, 1970ರ ದಶಕದಲ್ಲಿ ಇಲ್ಲಿ ಶೆಡ್ಡುಗಳು ಏಳತೊಡಗಿದವು. ಲೇಥು, ಪ್ರೆಸ್ಸು, ಫೌಂಡ್ರಿ, ಆಮೇಲೆ ಗಾರ್ಮೆಂಟ್ಸ್. ಸಣ್ಣ ಕಾರ್ಖಾನೆಗಳ ದೊಡ್ಡ ಊರು. ಕೆಲಸಕ್ಕೆ ಬಂದವರು ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರದ ವಠಾರಗಳಲ್ಲಿ ಸೇರಿಕೊಂಡರು.

ಹೊಸೂರು ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ. ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸು ಅದು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಶುರುವಾಯಿತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆಂದು ಮಾಡಿದ ಜಾಗಕ್ಕೆ 1990ರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬಂದವು. ಅದರಾಚೆ ಬೊಮ್ಮಸಂದ್ರದಲ್ಲಿ 2000ದ ಹೊತ್ತಿಗೆ ನಾರಾಯಣ ಹೃದಯಾಲಯ ಬಂತು.

ಪೂರ್ವಕ್ಕೆ ವೈಟ್‌ಫೀಲ್ಡ್. ಇದರ ಕತೆ ಬೇರೆ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ವೃತ್ತಾಕಾರದಲ್ಲಿ ಮನೆ ಕಟ್ಟಿಕೊಂಡು ತೋಟ ಮಾಡಿಕೊಂಡಿದ್ದ ಪುಟ್ಟ ಊರು. ಅಲ್ಲಿ ವೇವರ್ಲಿ ಇನ್ ಎಂಬ ತಂಗುಮನೆ ಇತ್ತು. ಬೆಂಗಳೂರು ದಂಡಿನಲ್ಲಿದ್ದ ಚರ್ಚಿಲ್ ಅಲ್ಲಿಗೆ ಬಂದುಹೋಗುತ್ತಿದ್ದ ಎಂಬ ಕತೆಯನ್ನು ಜನ ಇಂದಿಗೂ ಹೇಳುತ್ತಾರೆ, ಅದು ಕತೆಯಾಗಿಯೇ ಇರಲಿ. 1990ರ ದಶಕದ ಕೊನೆಗೆ ಐಟಿಪಿಎಲ್ ಗೋಪುರಗಳು ಎದ್ದವು. 2001ರಲ್ಲಿ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ತೆರೆಯಿತು. ಅಲ್ಲಿ ಬಿಲ್ಲಿಂಗ್ ಕೌಂಟರ್ ಇಲ್ಲ, ಚಿಕಿತ್ಸೆ ಉಚಿತ. ಹಾಗಾಗಿ ದೂರದೂರದ ಬಡವರು ಬರುತ್ತಾರೆ.

ಮೂರೂ ಕಡೆ ಕಾರ್ಖಾನೆ ಬಂತು, ಕಚೇರಿ ಬಂತು, ಆಸ್ಪತ್ರೆ ಬಂತು. ಈಚೆಗೆ ಕಂಪ್ಯೂಟರ್ ಪರೀಕ್ಷೆಯ ಕೇಂದ್ರಗಳೂ ಬಂದವು. ಆದರೆ ಒಂದು ರಾತ್ರಿಗೆ ಬಂದು ಹೋಗುವ ಹಳ್ಳಿಯವನಿಗೆಂದು ತೋಟದಪ್ಪನವರಂತೆ ಯೋಚಿಸಿದವರು ಕಡಿಮೆ. ನಕ್ಷೆ ಹಾಕಿದವರು ಯಂತ್ರಕ್ಕೆ ಜಾಗ ಬಿಟ್ಟರು, ಲಾರಿಗೆ ರಸ್ತೆ ಬಿಟ್ಟರು, ಬಂದುಹೋಗುವವರಿಗೆ ಜಾಗ ಬಿಡಲಿಲ್ಲ.

ತಿಂಗಳ ಲೆಕ್ಕದ ಊರು

ಆ ಖಾಲಿ ಜಾಗ ತುಂಬಿದ್ದು ಪಿ.ಜಿ. ಮೊದಲು ಪೇಯಿಂಗ್ ಗೆಸ್ಟ್ ಎಂದರೆ ಒಂದು ಮನೆಯಲ್ಲಿ ಮನೆಯವರ ಜೊತೆ ಇದ್ದು, ಅವರದ್ದೇ ಊಟ ಮಾಡಿ, ದುಡ್ಡು ಕೊಡುವುದು. ಈಗ ಅದು ಐದು ಅಂತಸ್ತಿನ ಕಟ್ಟಡ. ರಾಗಿ ಹೊಲವಿದ್ದ ಜಾಗದಲ್ಲಿ ಊರಿನ ಮೂಲದವರೇ ಕಟ್ಟಿಸಿ ಬಾಡಿಗೆಗೆ ಬಿಟ್ಟದ್ದು. ರೂಮಿಗೆ ಇಬ್ಬರು, ಮೂವರು, ನಾಲ್ವರು.

ಪಿ.ಜಿ.ಯ ಲೆಕ್ಕವೆಲ್ಲ ತಿಂಗಳದ್ದು. ಅಡ್ವಾನ್ಸು, ತಿಂಗಳ ಬಾಡಿಗೆ, ಬಿಡುವಾಗ ಕಡಿತ. ಸರ್ಕಾರದ ನಿಯಮವೂ ಅದೇ ಲೆಕ್ಕದಲ್ಲಿದೆ. 2024ರಲ್ಲಿ ಜಿಎಸ್‌ಟಿ ಮಂಡಳಿ ಹಾಸ್ಟೆಲ್, ಪಿ.ಜಿ. ವಾಸಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಷರತ್ತು ಏನೆಂದರೆ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ದಾಟಬಾರದು, ಕನಿಷ್ಠ 90 ದಿನ ಸತತವಾಗಿ ಇರಬೇಕು. ಒಂದು ರಾತ್ರಿಗೆ ಬಂದವನಿಗೆ ಆ ವಿನಾಯಿತಿ ಇಲ್ಲ.

ಲಾಡ್ಜಿನಲ್ಲಿ ಇನ್ನೊಂದು ಕತೆ. ದಿನಕ್ಕೆ ಸಾವಿರ ರೂಪಾಯಿವರೆಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈನಲ್ಲಿ ಅದಕ್ಕೂ ಶೇ 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳಿಗೆ ಶೇ 5ಕ್ಕೆ ಇಳಿಸಿದ್ದಾರೆ. ಆದರೂ ಬಡವನ ಆರುನೂರು ರೂಪಾಯಿಯ ರೂಮಿಗೂ ಆರು ಸಾವಿರದ ರೂಮಿಗೂ ಒಂದೇ ದರ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಇಂದಿರಾ ಕ್ಯಾಂಟೀನಿನಲ್ಲಿ ಐದು ಹತ್ತು ರೂಪಾಯಿಗೆ ತಿಂಡಿ ಊಟ ಸಿಗುತ್ತದೆ. ಹೀಗಾಗಿ ಬೆಂಗಳೂರಿನ ಪ್ರಯಾಣದಲ್ಲಿ ಈಗ ದೊಡ್ಡ ಖರ್ಚು ರಾತ್ರಿಯದ್ದೇ.

ದಾಸರಹಳ್ಳಿಯ ಆರು ಜನರ ರೂಮು

ನಮ್ಮದೂ ಒಂದು ಅನುಭವ ಇದೆ. ಡಿಪ್ಲೊಮಾ ಮುಗಿಸಿ ಹೊಸದರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದೆವು. ರಾತ್ರಿ ಎಂಟಕ್ಕೆ ಅಲ್ಲಿ ಇಳಿದು ನಾಲ್ಕು ಪಿ.ಜಿ. ಬಾಗಿಲು ತಟ್ಟಿದೆವು. 'ತಿಂಗಳ ಲೆಕ್ಕ ಮಾತ್ರ' ಎಂದರು. ಒಂದು ಲಾಡ್ಜಿನಲ್ಲಿ ಹೇಳಿದ ದರ ನಮ್ಮ ಜೇಬಿನಲ್ಲಿದ್ದುದಕ್ಕಿಂತ ಹೆಚ್ಚಿತ್ತು. ಕೊನೆಗೆ ನಗರದ ಈ ತುದಿಯಿಂದ ಆ ತುದಿಗೆ ಎರಡು ಬಸ್ಸು ಬದಲಿಸಿ ದಾಸರಹಳ್ಳಿಗೆ ಹೋದೆವು. ನಮ್ಮ ಹೋಬಳಿಯ ಹುಡುಗರು ಅಲ್ಲಿ ರೂಮು ಮಾಡಿಕೊಂಡಿದ್ದರು. ಪೀಣ್ಯದ ಶೆಡ್ಡುಗಳಲ್ಲಿ ಕೆಲಸ.

ಒಂದು ಕೋಣೆ, ಆರು ಜನ, ಮೂರು ಹಾಸಿಗೆ. ಹಗಲು ಶಿಫ್ಟಿನವರು ಎದ್ದು ಹೋದಾಗ ರಾತ್ರಿ ಶಿಫ್ಟಿನವರು ಬಂದು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ನಾವು ಏಳನೆಯವರು. ಅನ್ನ ಸಾರು ಹಾಕಿದರು, ಗೋಡೆ ಪಕ್ಕ ಚಾಪೆ ಕೊಟ್ಟರು. ದುಡ್ಡಿನ ಮಾತೇ ಎತ್ತಲಿಲ್ಲ. ಮಲಗುವ ಮುಂಚೆ ಕೇಳಿದ್ದು ಒಂದೇ ಮಾತು: "ಊರ ಕಡೆ ಮಳೆ ಆಯ್ತೇನೋ?"

ಬೆಳಿಗ್ಗೆ ನಾಲ್ಕಕ್ಕೆ ಎದ್ದರೂ ಇಂಟರ್‌ವ್ಯೂಗೆ ಮುಕ್ಕಾಲು ಗಂಟೆ ತಡವಾಯಿತು. ಗೇಟಿನಲ್ಲೇ ವಾಪಸ್ ಕಳಿಸಿದರು. ರೂಮು ಪುಕ್ಕಟೆ ಸಿಕ್ಕಿತ್ತು, ಆದರೆ ಹೋದ ಕೆಲಸ ಆಗಲಿಲ್ಲ.

ಪೀಣ್ಯದ ಬಸ್ ನಿಲ್ದಾಣ ಕಲಿಸಿದ ಪಾಠ

ಮಲಗುವ ಜಾಗ, ಇಳಿಯುವ ಜಾಗ, ಕೆಲಸದ ಜಾಗ ಮೂರೂ ಒಂದಕ್ಕೊಂದು ಕೂಡಿಕೊಂಡಿರಬೇಕು. ಸರ್ಕಾರಕ್ಕೂ ಇದು ಕೈ ಸುಟ್ಟುಕೊಂಡ ಮೇಲೆ ಗೊತ್ತಾಯಿತು. ಮೆಜೆಸ್ಟಿಕ್‌ನ ಗದ್ದಲ ತಗ್ಗಿಸಲು ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿದರು. 2014ರಲ್ಲಿ ತೆರೆದರು. ಉತ್ತರ ಕರ್ನಾಟಕದ ಬಸ್ಸುಗಳು ಅಲ್ಲಿಂದ ಹೊರಡಬೇಕು ಎಂದರು. ಜನ ಬರಲಿಲ್ಲ. ಅಲ್ಲಿಂದ ಮುಂದಕ್ಕೆ ಹೋಗಲು ಸಲೀಸಾದ ವ್ಯವಸ್ಥೆ ಇರಲಿಲ್ಲ. ಕೆಲವೇ ತಿಂಗಳಲ್ಲಿ ಬಸ್ಸುಗಳು ಮೆಜೆಸ್ಟಿಕ್‌ಗೆ ವಾಪಸಾದವು. ಆ ದೊಡ್ಡ ಕಟ್ಟಡ ಬಹುಪಾಲು ಖಾಲಿ ಬಿದ್ದು ವರ್ಷಗಳೇ ಕಳೆದವು.

ಜನ ಇಳಿಯುವುದು ಬೋರ್ಡು ಹಾಕಿದ ಕಡೆ ಅಲ್ಲ, ಮುಂದಿನ ಗಾಡಿ ಸಿಗುವ ಕಡೆ. ತುಮಕೂರು ಕಡೆಯಿಂದ ಬಂದವರು ಗೊರಗುಂಟೆಪಾಳ್ಯ, ಯಶವಂತಪುರದಲ್ಲಿ ಇಳಿಯುತ್ತಾರೆ. ಕೋಲಾರ ಕಡೆಯವರು ಕೆ.ಆರ್. ಪುರದಲ್ಲಿ. ಹೊಸೂರು ಕಡೆಯವರು ಬೊಮ್ಮಸಂದ್ರ, ಸಿಲ್ಕ್ ಬೋರ್ಡಿನಲ್ಲಿ. ಇವೇ ಇವತ್ತಿನ ಬೆಂಗಳೂರಿನ ಬಾಗಿಲುಗಳು.

ಈ ಬಾಗಿಲುಗಳನ್ನು ಒಂದಕ್ಕೊಂದು ಹೊಲಿದದ್ದು ಮೆಟ್ರೊ. ಪೀಣ್ಯಕ್ಕೆ ಹಸಿರು ಮಾರ್ಗ 2014ರಲ್ಲೇ ಬಂತು, 2024ರ ನವೆಂಬರಿನಲ್ಲಿ ಮಾದಾವರದವರೆಗೆ ಹೋಯಿತು. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್‌ಗೆ ನೇರಳೆ ಮಾರ್ಗ ಪೂರ್ತಿ ಕೂಡಿದ್ದು 2023ರ ಅಕ್ಟೋಬರಿನಲ್ಲಿ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ತೆರೆಯಿತು. ನಾವು ಗೇಟಿನಿಂದ ವಾಪಸ್ ಬಂದ ದಿನ ಇದು ಇದ್ದಿದ್ದರೆ ದಾಸರಹಳ್ಳಿಯಿಂದ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ ಹೊತ್ತಿಗೆ ಮುಟ್ಟುತ್ತಿದ್ದೆವು.

ಹಾಗಾದರೆ ಎಲ್ಲಿರಬೇಕು?

ಮೊದಲು ಬಾಡಿಗೆ ಕೇಳಬೇಡಿ. ಬೆಳಿಗ್ಗೆ ಎಷ್ಟು ಗಂಟೆಗೆ, ಎಲ್ಲಿ ಇರಬೇಕು ಎಂದು ನೋಡಿ. ಆಮೇಲೆ ಅದರ ಹತ್ತಿರದ ಮೆಟ್ರೊ ನಿಲ್ದಾಣ ಯಾವುದು, ಅಲ್ಲಿಂದ ಎಷ್ಟು ದೂರ ಎಂದು ಫೋನಿನಲ್ಲಿ ನೋಡಿಕೊಳ್ಳಿ.

ಹತ್ತು ಗಂಟೆಯ ಮೇಲಿನ ಕೆಲಸವಾದರೆ ಮೆಜೆಸ್ಟಿಕ್, ಯಶವಂತಪುರದ ಹಳೇ ಲಾಡ್ಜುಗಳೇ ವಾಸಿ. ಆಯ್ಕೆ ಹೆಚ್ಚು, ಚೌಕಾಸಿ ಮಾಡಬಹುದು, ಊಟಕ್ಕೆ ತೊಂದರೆಯಿಲ್ಲ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೊದ ಅತಿ ಹೆಚ್ಚಿನ ದರ 90 ರೂಪಾಯಿ ಆಗಿದೆ. ರೂಮಿನ ಬಾಡಿಗೆಗೆ ಈ ದರವನ್ನೂ ಆಟೊ ಖರ್ಚನ್ನೂ ಸೇರಿಸಿ, ಆಮೇಲೆ ಹೊರವಲಯದ ರೂಮಿನ ಜೊತೆ ಹೋಲಿಸಿ. ಇಬ್ಬರು ಹೋಗುವುದಾದರೆ ಎರಡರಿಂದ ಗುಣಿಸಿ.

ಬೆಳಿಗ್ಗೆ ಎಂಟರೊಳಗಿನ ಕೆಲಸವಾದರೆ ಹತ್ತಿರದಲ್ಲೇ ಉಳಿಯಿರಿ. ವೈಟ್‌ಫೀಲ್ಡಿಗೆ ಕಾಡುಗೋಡಿ, ಹೂಡಿ, ಕೆ.ಆರ್. ಪುರ. ಎಲೆಕ್ಟ್ರಾನಿಕ್ ಸಿಟಿಗೆ ಹೆಬ್ಬಗೋಡಿ, ಬೊಮ್ಮಸಂದ್ರ. ಪೀಣ್ಯಕ್ಕೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಯಶವಂತಪುರ. ಆಸ್ಪತ್ರೆಗೆ ಹೋಗುವವರು ರೋಗಿಯ ಕಡೆಯವರಿಗೆ ವಸತಿ ಇದೆಯೇ ಎಂದು ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ಕೆಲವು ಕಡೆ ಧರ್ಮಶಾಲೆ ಇರುತ್ತದೆ, ಕೇಳದವರಿಗೆ ಯಾರೂ ಹೇಳುವುದಿಲ್ಲ.

ರೈಲಿನಲ್ಲಿ ಹೋಗುವವರಿಗೆ ಇನ್ನೊಂದು ದಾರಿ ಇದೆ. ದೊಡ್ಡ ನಿಲ್ದಾಣಗಳಲ್ಲಿ ರಿಟೈರಿಂಗ್ ರೂಮು, ಡಾರ್ಮಿಟರಿ ಇರುತ್ತವೆ. ಟಿಕೆಟ್ಟಿನ ಪಿಎನ್‌ಆರ್ ನಂಬರು ಹಾಕಿ ಮುಂಚೆಯೇ ಬುಕ್ ಮಾಡಬಹುದು.

ಆ್ಯಪಿನಲ್ಲಿ ಬುಕ್ ಮಾಡಿದರೂ ಹೊರಡುವ ಮುಂಚೆ ಲಾಡ್ಜಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಮೂರು ಪ್ರಶ್ನೆ ಸಾಕು. ತೆರಿಗೆ ಸೇರಿ ಒಟ್ಟು ಎಷ್ಟು? ಇಪ್ಪತ್ತನಾಲ್ಕು ಗಂಟೆ ಲೆಕ್ಕವೋ, ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ? ಯಾರ್ಯಾರ ಗುರುತಿನ ಚೀಟಿ ಬೇಕು? ಮಗಳೋ ತಂಗಿಯೋ ಜೊತೆಗಿದ್ದರೆ ಇಬ್ಬರ ಚೀಟಿಯೂ ಇರಲಿ, ಇಲ್ಲದಿದ್ದರೆ ರಾತ್ರಿ ಹತ್ತು ಗಂಟೆಗೆ ಇಲ್ಲದ ಪ್ರಶ್ನೆ ಕೇಳುತ್ತಾರೆ. ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ಜಿಎಸ್‌ಟಿ ಹಾಕಿದರೆ ಜಿಎಸ್‌ಟಿ ನಂಬರಿರುವ ಬಿಲ್ಲು ಕೇಳಿ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ದುಡ್ಡು ಕೊಡುವ ಮುಂಚೆ ರೂಮು ನೋಡಿ, ಒಳಗಿನ ಚಿಲಕ ಹಾಕಿ ನೋಡಿ. ಬಸ್ ಸ್ಟ್ಯಾಂಡಿನಲ್ಲಿ ಕೈ ಹಿಡಿದು ಎಳೆಯುವ ಬ್ರೋಕರ್ ಹಿಂದೆ ಹೋಗಬೇಡಿ.

ಒಂದೆರಡು ವಾರ ಇರಬೇಕಾದವರು ಪಿ.ಜಿ. ಕೇಳಿ ನೋಡಬಹುದು. 2024ರ ಆಗಸ್ಟಿನಲ್ಲಿ ಆಗಿನ ಬಿಬಿಎಂಪಿ ಪಿ.ಜಿ.ಗಳಿಗೆ ನಿಯಮ ಮಾಡಿತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲಿಗೆ ಸಿಸಿಟಿವಿ ಇರಬೇಕು. ಒಳಗೆ ಕಾಲಿಟ್ಟಾಗ ಈ ಮೂರನ್ನೂ ಮನಸ್ಸಿನಲ್ಲೇ ಅಳೆದುಕೊಳ್ಳಿ.

ಪಾವಗಡದ ತಂದೆ ಮಗಳು

ಆ ರೈತರಿಗೆ ನಾವು ಮೊದಲು ಹೇಳಿದ್ದು ತಪ್ಪು ಉತ್ತರ. ಅಭ್ಯಾಸಬಲದಿಂದ 'ಮೆಜೆಸ್ಟಿಕ್‌ನಲ್ಲಿ ಇದ್ದುಬಿಡಿ, ಬೆಳಿಗ್ಗೆ ಮೆಟ್ರೊ ಹತ್ತಿದರೆ ನೇರ ವೈಟ್‌ಫೀಲ್ಡು' ಎಂದುಬಿಟ್ಟಿದ್ದೆವು. ಅರ್ಧ ಗಂಟೆ ಬಿಟ್ಟು ಮಗಳೇ ಫೋನ್ ಮಾಡಿದಳು.

"ಅಣ್ಣಾ, ಪರೀಕ್ಷೆ ಭಾನುವಾರ. ಭಾನುವಾರ ಮೆಟ್ರೊ ಶುರುವಾಗೋದೇ ಏಳು ಗಂಟೆಗೆ ಅಂತ ತೋರಿಸ್ತಿದೆ. ಏಳೂವರೆಗೆ ಹೆಂಗೆ ಮುಟ್ಟೋದು?"

ನಮಗೆ ನಾಚಿಕೆಯಾಯಿತು. ಪರೀಕ್ಷೆಗಳಿಗೆ ಕೆಲವೊಮ್ಮೆ ಬೇಗ ರೈಲು ಬಿಡುತ್ತಾರೆ, ಆದರೆ ಅದನ್ನು ನಂಬಿ ಕೂರುವಂತಿಲ್ಲ. ಕೊನೆಗೆ ಕಾಡುಗೋಡಿ ಕಡೆ ಒಂದು ಲಾಡ್ಜು ಹುಡುಕಿದಳು. ಬಾಡಿಗೆ 1,200, ತೆರಿಗೆ 60, ಒಟ್ಟು 1,260 ರೂಪಾಯಿ. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಒಂದು ರಾತ್ರಿಗೆ ಮೂರೂವರೆ ದಿನದ ಕೂಲಿ.

ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋದರು. ಬೆಳಿಗ್ಗೆ ಆರೂಮುಕ್ಕಾಲಿಗೆ ನಡೆದುಕೊಂಡೇ ಕೇಂದ್ರದ ಗೇಟಿಗೆ ಹೋದರು. ತಂದೆ ಸಂಜೆ ಫೋನ್ ಮಾಡಿ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಗೇಟಿನ ಎದುರು ಅಂಗಡಿ ಕಟ್ಟೆಗಳ ಮೇಲೆ ಹತ್ತಾರು ಹುಡುಗರು ಬ್ಯಾಗ್ ತಲೆದಿಂಬು ಮಾಡಿಕೊಂಡು ಮಲಗಿದ್ದರಂತೆ. ರಾಯಚೂರು, ಬೀದರ್, ವಿಜಯಪುರ ಕಡೆಯವರು. ರಾತ್ರಿಯೇ ಬಂದು ಅಲ್ಲೇ ಕಾದವರು.

"ನಮ್ ಹತ್ರ ದುಡ್ಡಿತ್ತು, ರೂಮು ಮಾಡಿದ್ವಿ. ಆ ಹುಡುಗ್ರು ನಿದ್ದೆಗಣ್ಣಲ್ಲಿ ಏನ್ ಬರೀತಾರಪ್ಪಾ?" ಎಂದರು.

ಅದೇ ಪ್ರಶ್ನೆಯನ್ನು ನಾವು ಮುಂದಕ್ಕೆ ದಾಟಿಸುತ್ತೇವೆ. ಪರೀಕ್ಷಾ ಶುಲ್ಕ ತೆಗೆದುಕೊಳ್ಳುವವರು ಏಳೂವರೆಗೆ ಬಾ ಎಂದು ಬರೆಯುವಾಗ ರಾಯಚೂರಿನ ಹುಡುಗ ರಾತ್ರಿ ಎಲ್ಲಿರುತ್ತಾನೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಹೊರವಲಯದ ಮೆಟ್ರೊ ನಿಲ್ದಾಣದ ಪಕ್ಕ ನೂರು ಹಾಸಿಗೆಯ ಒಂದು ಡಾರ್ಮಿಟರಿ, ಹೆಣ್ಣುಮಕ್ಕಳಿಗೆ ಬೇರೆ ಅಂತಸ್ತು, ಜಾತಿ ಕೇಳದ ರಿಜಿಸ್ಟರು, ಬಡವರಿಗೆ ಎಟುಕುವ ದರ. ಇಷ್ಟಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ. ಬಳಕೆಯಿಲ್ಲದೆ ಬೀಗ ಹಾಕಿಕೊಂಡ ಸರ್ಕಾರಿ ಕಟ್ಟಡಗಳಿಗೆ ನಗರದಲ್ಲಿ ಬರವಿಲ್ಲ. ಕಾರು, ಆ್ಯಪು ಏನೂ ಇಲ್ಲದ ಕಾಲದಲ್ಲಿ ಗುಬ್ಬಿಯ ಒಬ್ಬ ವ್ಯಾಪಾರಿ ಮಾಮೂಲ್‌ಪೇಟೆಯಲ್ಲಿ ಕೂತು ಮೊದಲು ಲೆಕ್ಕ ಹಾಕಿದ್ದು, ರೈಲಿಳಿದ ಜನ ರಾತ್ರಿ ಎಲ್ಲಿರುತ್ತಾರೆ ಎಂದೇ.

ಆ ಹುಡುಗಿಯ ಫಲಿತಾಂಶ ಇನ್ನೂ ಬಂದಿಲ್ಲ.